ಪುಟ ಹಿಡಿದವರ ಲೆಕ್ಕ ಯಾರು ಇಡ್ತಾರೆ?

ಕಳೆದ ಸೆಮಿಸ್ಟರಿನಲ್ಲಿ ಓಎಸ್ ಲ್ಯಾಬ್ ಶುರುವಾಗುವ ಮೊದಲು ನಮ್ಮ ಕ್ಲಾಸ್ ಗ್ರೂಪಿಗೆ ಒಂದು ಮೆಸೇಜ್ ಬಂತು. ಎಲ್ಲರೂ ಅವರವರ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಉಬುಂಟು ಇನ್‌ಸ್ಟಾಲ್ ಮಾಡಿಕೊಂಡು ಬರಬೇಕು. ಅಷ್ಟೇ. ಹೆಚ್ಚಿನವರಿಗೆ ಅದು ಒಂದು ಸಂಜೆಯ ಕೆಲಸ. ಆದರೆ ನಮ್ಮಲ್ಲಿ ಕೆಲವರ ಲ್ಯಾಪ್‌ಟಾಪಿನಲ್ಲಿ ಇರುವುದೇ 4 ಜಿಬಿ ರ‍್ಯಾಮ್. ವಿಂಡೋಸ್ ಎದ್ದು ಕೂರುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಗ್ತದೆ. ಉಳಿದದ್ದರಲ್ಲಿ ಉಬುಂಟುವಿಗೆ 2 ಜಿಬಿ ಕೊಟ್ಟರೆ ಎರಡೂ ಏದುಸಿರು ಬಿಡ್ತವೆ.

ಬೆಳ್ತಂಗಡಿ ಕಡೆಯಿಂದ ಬರುವ ನಮ್ಮ ಗೆಳತಿಯೊಬ್ಬಳು ಮೂರು ರಾತ್ರಿ ಪ್ರಯತ್ನ ಮಾಡಿದಳು. ಮೌಸ್ ಅಲುಗಾಡಿಸಿದರೆ ಐದು ನಿಮಿಷ ಬಿಟ್ಟು ಅಲುಗುತ್ತಿತ್ತಂತೆ. ಕೊನೆಗೆ ಲ್ಯಾಬಿನ ದಿನ ಪಕ್ಕದವಳ ಸ್ಕ್ರೀನ್ ನೋಡಿ ಪ್ರೋಗ್ರಾಂ ಬರೆದುಕೊಂಡಳು, ಬೇರೆಯವರ ಔಟ್‌ಪುಟ್ ಪ್ರಿಂಟ್ ತೆಗೆದು ರೆಕಾರ್ಡಿಗೆ ಅಂಟಿಸಿದಳು. ವೈವಾದಲ್ಲಿ ಸಿಕ್ಕಿಬಿದ್ದಳು. ಫೋರ್ಕ್ ಆದಮೇಲೆ ಏನಾಗ್ತದೆ ಅಂತ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳು. ಮಾರ್ಕ್ಸ್ ಮಾತ್ರ ನಮ್ಮೆಲ್ಲರಿಗಿಂತ ಕಮ್ಮಿ.

ಈ ಬರಹದಲ್ಲಿ ನಾವು ಅಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಐದಾರು ಜನ. ಒಂದು ಗುಂಪು ಸಿದ್ದಕಟ್ಟೆ ಮೇಲಿನಿಂದ ಬಸ್ಸಿನಲ್ಲಿ ಬರ್ತದೆ, ಇನ್ನೊಂದು ಗುರುವಾಯನಕೆರೆ, ವೇಣೂರು ದಾಟಿ. ಮೂಡುಬಿದಿರೆಯವರಿಗೆ ಮಾತ್ರ ನಿದ್ದೆ ಪೂರ್ತಿ ಆಗಿರ್ತದೆ. ಎಲ್ಲರೂ ಇಂಗ್ಲಿಷ್ ಮೀಡಿಯಂನವರು. ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾವು ಹೇಳಬೇಕೆಂದಿರುವುದು ಎರಡು ವಿಷಯ, ಆದರೆ ಅವೆರಡೂ ಒಂದೇ ಅಂತ ನಮಗೆ ಈಗ ಅನಿಸ್ತಾ ಉಂಟು. ಒಂದು, ಈ 4 ಜಿಬಿ ಸಮಸ್ಯೆಗೆ ಹೊಸ ಲ್ಯಾಪ್‌ಟಾಪ್ ಒಂದೇ ಉತ್ತರ ಅಲ್ಲ. ಇನ್ನೊಂದು, ಉತ್ತರ ಅರ್ಥ ಆಗಬೇಕಾದರೆ ಬೇಕಾಗುವ ಲೆಕ್ಕವನ್ನು ಓಎಸ್ ಪೇಪರಿನಲ್ಲಿ ನಮಗೆ ಯಾರೂ ಕಲಿಸಲಿಲ್ಲ.

ಓಎಸ್ ಪೇಪರಿನಲ್ಲಿ ಮೆಮೊರಿಯ ಪ್ರಶ್ನೆ ಗ್ಯಾರಂಟಿ. 7, 0, 1, 2, 0, 3 ಅಂತ ಶುರುವಾಗುವ 20 ಅಂಕಿಗಳ ಸಾಲು ನೆನಪುಂಟಲ್ಲ? ಅದಕ್ಕೆ ರೆಫರೆನ್ಸ್ ಸ್ಟ್ರಿಂಗ್ ಅಂತ ಹೆಸರು. ಮೂರು ಫ್ರೇಮ್ ಇಟ್ಟುಕೊಂಡು ಲೆಕ್ಕ ಹಾಕಿದರೆ ಫಿಫೋಗೆ 15 ಪೇಜ್ ಫಾಲ್ಟ್, ಎಲ್‌ಆರ್‌ಯುಗೆ 12, ಆಪ್ಟಿಮಲ್‌ಗೆ 9. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತೇವೆ. ಜಾಗ ಸಾಲದಾಗ ಯಾವ ಪುಟವನ್ನು ಹೊರಗೆ ಹಾಕಬೇಕು ಅನ್ನುವುದು ಅಲ್ಲಿನ ಪ್ರಶ್ನೆ. ಇತ್ತೀಚೆಗೆ ಯಾವುದನ್ನು ಬಳಸಿಲ್ಲವೋ ಅದನ್ನು ಹಾಕು ಅನ್ನುವುದು ಉತ್ತರ.

ಆಮೇಲೆ ನಾವು ಲಿನಕ್ಸ್ ಕರ್ನಲ್ ಬಗ್ಗೆ ಸ್ವಲ್ಪ ಓದಲಿಕ್ಕೆ ಹೋದೆವು. ಅಲ್ಲಿಯೂ ಪುಟದ ರೆಫರೆನ್ಸ್ ಅನ್ನುವ ಮಾತು ಪ್ರತಿ ಎರಡನೇ ಸಾಲಿನಲ್ಲಿ. ಆದರೆ ಏನು ಓದಿದರೂ ತಲೆಗೆ ಹೋಗ್ತಾ ಇರಲಿಲ್ಲ. ರೆಫರೆನ್ಸ್ ತಗೋ, ರೆಫರೆನ್ಸ್ ಬಿಡು, ರೆಫರೆನ್ಸ್ ಸೊನ್ನೆ ಆದರೆ ಪುಟ ವಾಪಸ್. ಎಂತ ಇದು? ಎಲ್‌ಆರ್‌ಯು ಎಲ್ಲಿ ಹೋಯ್ತು?

ಈ ಪತ್ರಿಕೆಗೆ ಬರೆಯಬೇಕೆಂದು ಕನ್ನಡ ಶಬ್ದ ಹುಡುಕಿದಾಗ ಗಂಟು ಬಿಚ್ಚಿತು. ನಿಘಂಟಿನಲ್ಲಿ ರೆಫರೆನ್ಸ್ ಅಂದರೆ ಉಲ್ಲೇಖ. ಪುಟದ ಉಲ್ಲೇಖ ಅಂತ ಬರೆದು ನೋಡಿದೆವು, ಅದು ಪ್ರಬಂಧದ ಅಡಿಟಿಪ್ಪಣಿಯ ಹಾಗೆ ಕಾಣ್ತಿತ್ತು. ಹಾಗಾದರೆ ಮನೆಯಲ್ಲಿ ಮಾತಾಡುವ ಹಾಗೆ ಹೇಳುವ ಅಂತ ಕೂತಾಗ ಗೊತ್ತಾಯಿತು, ನಮಗೆ ಬೇಕಾದದ್ದು ಒಂದು ಶಬ್ದ ಅಲ್ಲ, ಎರಡು. ಪರೀಕ್ಷೆಯ ರೆಫರೆನ್ಸ್ ಅಂದರೆ ಮುಟ್ಟುವುದು. ಪ್ರೋಗ್ರಾಂ ಈ ಪುಟವನ್ನು ಈಗ ಮುಟ್ಟಿತು, ಆಮೇಲೆ ಆ ಪುಟವನ್ನು ಮುಟ್ಟಿತು. ಕರ್ನಲಿನ ರೆಫರೆನ್ಸ್ ಅಂದರೆ ಹಿಡಿಯುವುದು. ಮುಟ್ಟದೆ ಇದ್ದರೂ ಹಿಡಿದಿರಬಹುದು. ಒಂದು ಗಂಟೆಯಿಂದ ಯಾರೂ ಮುಟ್ಟದ ಪುಟವನ್ನು ಮೂರು ಜನ ಹಿಡಿದುಕೊಂಡು ಕೂತಿರಬಹುದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಹೆಸರು ಇರುವುದರಿಂದ ನಾವು ಒಂದು ತಿಂಗಳು ಗೊಂದಲದಲ್ಲಿ ಕಳೆದೆವು. ಇಂಗ್ಲಿಷ್ ಮೀಡಿಯಂನವರಾದ ನಮಗೆ ಇದು ಸ್ವಲ್ಪ ನಾಚಿಕೆಯ ವಿಷಯ.

ಹಿಡಿದವರ ಲೆಕ್ಕ ಅಂದರೇನು ಅಂತ ನಮಗೆ ಸರಿಯಾಗಿ ಅರ್ಥ ಆದದ್ದು ಸಿದ್ದಕಟ್ಟೆ ಕಡೆಯ ಒಂದು ಭಜನಾ ಮಂದಿರದ ಉಗ್ರಾಣದಲ್ಲಿ. ನಮ್ಮಲ್ಲೊಬ್ಬನ ದೊಡ್ಡಪ್ಪ ಅಲ್ಲಿನ ಪಾತ್ರೆಗಳ ಉಸ್ತುವಾರಿ ನೋಡಿಕೊಳ್ತಾರೆ. ಕೊಪ್ಪರಿಗೆ, ಹಂಡೆ, ಸಟ್ಟುಗ, ಬಡಿಸುವ ಬಕೆಟ್, ಎಲ್ಲ ಊರಿನವರಿಗೆ. ಮದುವೆ, ಬೊಜ್ಜ, ನೇಮ, ಮನೆ ಒಕ್ಕಲು, ಏನೇ ಇದ್ದರೂ ಅಲ್ಲಿಂದಲೇ ಹೋಗ್ತದೆ. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಯಾರು ತಗೊಂಡರು, ಯಾವಾಗ ತಂದರು ಅಂತ ಬರೆದಿರ್ತಾರೆ.

ಒಮ್ಮೆ ಒಬ್ಬರು ಮದುವೆಗೆ ದೊಡ್ಡ ಕೊಪ್ಪರಿಗೆ ತಗೊಂಡು ಹೋದರಂತೆ. ಮದುವೆ ಮುಗಿದ ಮರುದಿನ ಪಕ್ಕದ ಮನೆಯಲ್ಲಿ ಬೊಜ್ಜ. ಹೊತ್ತುಕೊಂಡು ಬಂದು ಪುನಃ ಹೊತ್ತುಕೊಂಡು ಹೋಗುವುದು ಯಾಕೆ ಅಂತ ಬೇಲಿ ದಾಟಿಸಿ ಅಲ್ಲಿಗೇ ಕೊಟ್ಟರು. ಸಂಜೆ ಪೇಟೆಯಲ್ಲಿ ಸಿಕ್ಕಿದಾಗ "ನಮ್ಮದು ಮುಗೀತು, ಬರೆದುಕೊಳ್ಳಿ" ಅಂದರು. ದೊಡ್ಡಪ್ಪ ಗೀಟು ಹಾಕಿದರು. ಮಾರನೇ ದಿನ ಮೂರನೆಯವರು ಬಂದು ಕೊಪ್ಪರಿಗೆ ಕೇಳಿದರೆ ಪುಸ್ತಕದ ಪ್ರಕಾರ ಅದು ಉಗ್ರಾಣದಲ್ಲಿದೆ, ನಿಜವಾಗಿ ಅದು ಬೊಜ್ಜದ ಮನೆಯ ಒಲೆಯ ಮೇಲೆ ಕುದೀತಾ ಉಂಟು.

"ಇದಕ್ಕಿಂತ ಮರೆತವರೇ ವಾಸಿ ಮಗಾ" ಅಂದರು ದೊಡ್ಡಪ್ಪ. "ತಂದುಕೊಟ್ಟದ್ದನ್ನು ಬರೆಯಲಿಕ್ಕೆ ಮರೆತರೆ ಹಂಡೆ ಉಗ್ರಾಣದಲ್ಲೇ ಇರ್ತದೆ, ನಾನು ಯಾರಿಗೂ ಕೊಡುವುದಿಲ್ಲ, ಅಷ್ಟೇ. ಹಿಡಿದುಕೊಂಡೇ ಇರುವಾಗ ಬಿಟ್ಟೆ ಅಂದರೆ ಪಂಚಾತಿಕೆ."

ಮೆಮೊರಿಯಲ್ಲಿ ಆಗುವುದೂ ಸರಿಯಾಗಿ ಇದೇ ಎರಡು ತಪ್ಪು. ಬಿಟ್ಟರೂ ಲೆಕ್ಕ ಇಳಿಸದಿದ್ದರೆ ಲೀಕ್. ಹಿಡಿದಿರುವಾಗಲೇ ಲೆಕ್ಕ ಇಳಿಸಿದರೆ ಯೂಸ್ ಆಫ್ಟರ್ ಫ್ರೀ. ವ್ಯತ್ಯಾಸ ಒಂದೇ. ಕೊಪ್ಪರಿಗೆ ಎರಡು ಮನೆಯಲ್ಲಿ ಇರಲಿಕ್ಕೆ ಸಾಧ್ಯ ಇಲ್ಲ, ಮೂರನೆಯವರು ಬರಿಗೈಲಿ ವಾಪಸ್ ಹೋಗ್ತಾರೆ. ಮೆಮೊರಿ ಪುಟ ಮಾತ್ರ ಇಬ್ಬರ ಕೈಯಲ್ಲೂ ಇರ್ತದೆ. ಒಬ್ಬರ ಪಾಯಸ ಕುದೀತಾ ಇರುವಾಗ ಅದೇ ಪಾತ್ರೆಗೆ ಇನ್ನೊಬ್ಬರು ಸಾಂಬಾರು ಹಾಕಿಬಿಡ್ತಾರೆ.

ಈಗ ಕರ್ನಲಿನ ನೋಟ್‌ಬುಕ್ ನೋಡುವ. ಮೆಮೊರಿಯನ್ನು 4 ಕೆಬಿಯ ಪುಟಗಳಾಗಿ ಭಾಗ ಮಾಡಿರ್ತಾರೆ. ನಮ್ಮ ಗೆಳತಿಯ 4 ಜಿಬಿ ಲ್ಯಾಪ್‌ಟಾಪಿನಲ್ಲೇ ಅಂಥವು 10,48,576 ಪುಟಗಳು. ಲಿನಕ್ಸ್ ಒಂದೊಂದು ಪುಟಕ್ಕೂ ಸಾಮಾನ್ಯವಾಗಿ 64 ಬೈಟ್‌ಗಳ ಒಂದು ಸಣ್ಣ ದಾಖಲೆ ಇಡ್ತದೆ. ಗುಣಿಸಿದರೆ 64 ಎಂಬಿ, ಬರೀ ಲೆಕ್ಕದ ಪುಸ್ತಕಕ್ಕೆ. ಆ ದಾಖಲೆಯಲ್ಲಿ ನಮಗೆ ಬೇಕಾದ ಅಂಕಿ ಎರಡು. ಒಂದು ರೆಫ್‌ಕೌಂಟ್, ಈ ಪುಟವನ್ನು ಒಟ್ಟು ಎಷ್ಟು ಜನ ಹಿಡಿದಿದ್ದಾರೆ ಅನ್ನುವುದು. ಇನ್ನೊಂದು ಮ್ಯಾಪ್‌ಕೌಂಟ್, ಅವರಲ್ಲಿ ಪೇಜ್ ಟೇಬಲ್ ಮೂಲಕ ಹಿಡಿದವರು ಎಷ್ಟು ಅನ್ನುವುದು. ಮ್ಯಾಪ್‌ಕೌಂಟ್ ಸೊನ್ನೆಯಿಂದ ಅಲ್ಲ, ಮೈನಸ್ 1ರಿಂದ ಶುರು. ಇದಕ್ಕೆ ಕಾರಣ ಇದೆ, ಆದರೆ ಮೊದಲ ಸಲ ನೋಡಿದಾಗ ಯಾರೋ ತಮಾಷೆ ಮಾಡಿದ್ದಾರೆ ಅಂದುಕೊಂಡಿದ್ದೆವು.

ಎರಡು ಲೆಕ್ಕ ಯಾಕೆ? ಪುಟವನ್ನು ಹಿಡಿಯುವವರೆಲ್ಲ ಒಂದೇ ದಾರಿಯಲ್ಲಿ ಬರುವುದಿಲ್ಲ. ಪ್ರೋಗ್ರಾಂ ಪೇಜ್ ಟೇಬಲ್ ಮೂಲಕ ಬರ್ತದೆ, ಅದು ಎರಡೂ ಕಡೆ ಕಾಣ್ತದೆ. ಡಿಸ್ಕಿನಿಂದ ನೇರವಾಗಿ ಡೇಟಾ ಇಳಿಸುವ ಡ್ರೈವರ್ ಪೇಜ್ ಟೇಬಲ್ ಮೂಲಕ ಬರುವುದಿಲ್ಲ, ಹಿಂಬಾಗಿಲಿನಿಂದ ಬಂದು ಪುಟ ಹಿಡೀತದೆ. ಅದು ರೆಫ್‌ಕೌಂಟಿನಲ್ಲಿ ಮಾತ್ರ ಕಾಣ್ತದೆ.

ವರ್ಚುವಲ್ ಮೆಷಿನ್ ಬಂದರೆ ಕತೆ ಇನ್ನೂ ಬಿಗಿ ಆಗ್ತದೆ. ಸಿವಿಲ್, ಮೆಕ್ಯಾನಿಕಲ್‌ನ ಗೆಳೆಯರಿಗೆ ಒಂದು ಮಾತಿನಲ್ಲಿ ಹೇಳುವುದಾದರೆ, ವಿಎಂ ಅಂದರೆ ಕಂಪ್ಯೂಟರಿನೊಳಗೆ ಸುಳ್ಳು ಕಂಪ್ಯೂಟರ್. ಹೊರಗಿನದ್ದು ಹೋಸ್ಟ್, ಒಳಗಿನದ್ದು ಗೆಸ್ಟ್. ಗೆಸ್ಟ್ ತನ್ನ ಹತ್ತಿರ ನಿಜವಾದ ರ‍್ಯಾಮ್ ಇದೆ ಅಂದುಕೊಂಡಿರ್ತದೆ. ಲಿನಕ್ಸಿನಲ್ಲಿ ಈ ಕೆಲಸ ಮಾಡುವ ಕೆವಿಎಂ 2007ರಲ್ಲಿ ಕರ್ನಲ್ 2.6.20ರ ಜೊತೆ ಬಂತು. ಅದರಲ್ಲಿ ಗೆಸ್ಟಿನ ಇಡೀ ರ‍್ಯಾಮ್ ಹೋಸ್ಟಿನ ಒಂದು ಮಾಮೂಲಿ ಪ್ರೋಗ್ರಾಂನ ಮೆಮೊರಿ, ಬೇರೇನೂ ಅಲ್ಲ. ಅಂದರೆ ಒಂದೇ ಪುಟವನ್ನು ಹೋಸ್ಟಿನ ಪ್ರೋಗ್ರಾಂ ಒಂದು ಕಡೆಯಿಂದ ನೋಡ್ತದೆ, ಗೆಸ್ಟ್ ಇನ್ನೊಂದು ಕಡೆಯಿಂದ ನೋಡ್ತದೆ. ಗೆಸ್ಟಿಗೆ ಹೋಸ್ಟಿನ ಪುಸ್ತಕ ಕಾಣುವುದಿಲ್ಲ. ಹೋಸ್ಟಿಗೆ ಗೆಸ್ಟ್ ಒಳಗೆ ಏನು ಮಾಡ್ತಾ ಉಂಟು ಅಂತ ಗೊತ್ತಿಲ್ಲ.

ಇಲ್ಲಿ ಪ್ರತಿ ಪುಟಕ್ಕೂ ಕೆವಿಎಂ ಒಂದು ಹಿಡಿತ ಹಾಕಿ ಕೂತರೆ ಹೋಸ್ಟಿಗೆ ಯಾವ ಪುಟವನ್ನೂ ಸ್ವಾಪಿಗೆ ಕಳಿಸಲಿಕ್ಕೆ ಆಗುವುದಿಲ್ಲ. ಅದಕ್ಕೆ 2008ರಲ್ಲಿ, ಕರ್ನಲ್ 2.6.27ರಲ್ಲಿ, ಎಂಎಂಯು ನೋಟಿಫೈಯರ್ ಅನ್ನುವ ಉಪಾಯ ಸೇರಿಸಿದರು. ಕೆವಿಎಂ ಪುಟವನ್ನು ಸ್ವಲ್ಪ ಹೊತ್ತು ಹಿಡೀತದೆ, ಗೆಸ್ಟಿನ ಟೇಬಲಿಗೆ ಸೇರಿಸ್ತದೆ, ಆಮೇಲೆ ಹಿಡಿತ ಬಿಟ್ಟುಬಿಡ್ತದೆ. ಬದಲಿಗೆ ತನ್ನ ಫೋನ್ ನಂಬರ್ ಕೊಟ್ಟು ಹೋಗ್ತದೆ. ಹೋಸ್ಟಿಗೆ ಆ ಪುಟ ವಾಪಸ್ ಬೇಕಾದರೆ ಮೊದಲು ಫೋನ್ ಮಾಡಬೇಕು, ಕೆವಿಎಂ ಗೆಸ್ಟಿನ ಟೇಬಲಿನಿಂದ ತೆಗೆದ ಮೇಲೆಯೇ ತಗೊಳ್ಳಬೇಕು. ನಮ್ಮ ದೊಡ್ಡಪ್ಪನವರು ಇದನ್ನು ಕೇಳಿ "ಫೋನ್ ತೆಗೆಯದಿದ್ದರೆ?" ಅಂದರು. ಒಳ್ಳೆಯ ಪ್ರಶ್ನೆ. ಇಲ್ಲಿ ತೆಗೆಯದೆ ಇರುವ ಅವಕಾಶವೇ ಇಲ್ಲ, ತೆಗೆಯುವ ತನಕ ಹೋಸ್ಟ್ ಮುಂದೆ ಹೋಗುವುದಿಲ್ಲ.

ಈಗ ನಮ್ಮ ಲ್ಯಾಬಿಗೆ ಬೇಕಾದ ವಿಷಯ. ಒಂದೇ ಕಂಪ್ಯೂಟರಿನಲ್ಲಿ ಹತ್ತು ಜನರ ವಿಎಂ ಹಾಕಿದರೆ ಹತ್ತರಲ್ಲೂ ಅದೇ ಉಬುಂಟು, ಅದೇ ಸಿ ಲೈಬ್ರರಿ. ಒಂದೇ ತರದ ಪುಟಗಳ ಹತ್ತು ಹತ್ತು ಪ್ರತಿ. ಅವನ್ನು ಯಾಕೆ ಒಂದೇ ಮಾಡಬಾರದು? ಇದು ನಮ್ಮ ಐಡಿಯಾ ಅಲ್ಲ, ಬಿಡಿ. 2002ರಲ್ಲೇ ವಿಎಂವೇರ್‌ನ ಕಾರ್ಲ್ ವಾಲ್ಡ್‌ಸ್ಪರ್ಗರ್ ಒಂದು ಪ್ರಬಂಧದಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ಅದರಲ್ಲಿ ನಮಗೆ ತುಂಬ ಇಷ್ಟವಾದ ಒಂದು ಸಣ್ಣ ವಿವರ ಉಂಟು. ಹಂಚಿಕೊಂಡ ಪ್ರತಿ ಪುಟಕ್ಕೂ ಅವರು ಇಟ್ಟದ್ದು 16 ಬಿಟ್‌ನ ಲೆಕ್ಕ. ಅದರಲ್ಲಿ ಹಿಡಿಸುವುದು 65,535ರ ತನಕ. ಬರೀ ಸೊನ್ನೆಗಳೇ ತುಂಬಿದ ಖಾಲಿ ಪುಟವನ್ನು ಎಲ್ಲ ವಿಎಂಗಳೂ ಹಿಡಿಯುವುದರಿಂದ ಅಂಥದಕ್ಕೆ ಇದು ಸಾಲುವುದಿಲ್ಲ, ಹಾಗಾಗಿ ತುಂಬಿ ಹರಿದದ್ದಕ್ಕೆ ಪಕ್ಕದಲ್ಲಿ ಬೇರೊಂದು ಟೇಬಲ್. ದೊಡ್ಡಪ್ಪನ ನೋಟ್‌ಬುಕ್ಕಿನ ಹಿಂದೆ ಪಿನ್ ಹಾಕಿದ ಹೆಚ್ಚುವರಿ ಹಾಳೆ ನೆನಪಾಯಿತು.

ಲಿನಕ್ಸಿಗೆ ಇದೇ ಸೌಲಭ್ಯ 2009ರಲ್ಲಿ ಕರ್ನಲ್ 2.6.32ರ ಜೊತೆ ಬಂತು, ಹೆಸರು ಕೆಎಸ್‌ಎಂ. ಹಿನ್ನೆಲೆಯಲ್ಲಿ ಒಂದು ಥ್ರೆಡ್ ನಿಧಾನವಾಗಿ ಪುಟಗಳನ್ನು ನೋಡುತ್ತಾ ಹೋಗ್ತದೆ, ಒಂದೇ ತರದವು ಸಿಕ್ಕಿದರೆ ಒಂದನ್ನು ಉಳಿಸಿ ಎಲ್ಲರಿಗೂ ಅದನ್ನೇ ತೋರಿಸ್ತದೆ, ಬರೆಯಲಿಕ್ಕೆ ಮಾತ್ರ ಬಿಡುವುದಿಲ್ಲ. ಯಾರಾದರೂ ಬರೆಯಲಿಕ್ಕೆ ಹೋದರೆ ಆ ಕ್ಷಣದಲ್ಲಿ ಅವರಿಗೆ ಬೇರೆ ಪ್ರತಿ ಮಾಡಿ ಕೊಡ್ತದೆ. ಮೂಡುಬಿದಿರೆಯವರಿಗೆ ಇದು ಹೊಸದಲ್ಲ. ಧವಳ, ಜಯಧವಳ, ಮಹಾಧವಳದ ಓಲೆಗರಿಗಳು ನಮ್ಮ ಊರಿನಲ್ಲೇ ಉಳಿದುಕೊಂಡು ಬಂದವು. ನೋಡಬೇಕಾದವರು ಎಷ್ಟೇ ಜನ ಇದ್ದರೂ ಪ್ರತಿ ಇದ್ದದ್ದು ಇಲ್ಲಿ, ಇಲ್ಲಿಗೇ ಬರಬೇಕು. ಅದರ ಮೇಲೆ ಕೆಲಸ ಮಾಡಬೇಕು, ಸಂಪಾದನೆ ಮಾಡಬೇಕು ಅಂದಾಗ ಬೇರೆ ಪ್ರತಿ ಬರೆದುಕೊಳ್ಳಲೇ ಬೇಕಾಯಿತು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ ಧವಳ ಅಚ್ಚಾದದ್ದು ಹಾಗೆ ಮಾಡಿದ ಪ್ರತಿಗಳಿಂದ. ಗರಿಗಳಿಗೆ ಏನೂ ಆಗಲಿಲ್ಲ. ಹೋಲಿಕೆ ಸ್ವಲ್ಪ ದೂರದ್ದು ಅಂತ ನಮ್ಮಲ್ಲೇ ಜಗಳ ಆಯಿತು, ಆದರೂ ಇಟ್ಟುಕೊಂಡೆವು.

ಕೆಎಸ್‌ಎಂನಲ್ಲಿ ನಮಗೆ ನಿಜವಾಗಿ ಕಣ್ಣು ತೆರೆಸಿದ ಭಾಗ ಬೇರೆ. ಎರಡು ಪುಟಗಳನ್ನು ಒಂದು ಮಾಡುವ ಮೊದಲು ಅದು ಒಂದು ಪರೀಕ್ಷೆ ಮಾಡ್ತದೆ. ಮ್ಯಾಪ್‌ಕೌಂಟಿನಿಂದ ಪೇಜ್ ಟೇಬಲ್ ಮೂಲಕ ಹಿಡಿದವರ ಸಂಖ್ಯೆ ತಗೊಳ್ತದೆ, ಅದಕ್ಕೆ ತಾನೇ ಹಿಡಿದ 1 ಸೇರಿಸ್ತದೆ, ಸ್ವಾಪ್ ಕ್ಯಾಶಿನಲ್ಲಿ ಇದ್ದರೆ ಅದನ್ನೂ ಸೇರಿಸ್ತದೆ. ಬಂದ ಮೊತ್ತವನ್ನು ರೆಫ್‌ಕೌಂಟಿನ ಜೊತೆ ಹೋಲಿಸ್ತದೆ. ಎರಡೂ ಒಂದೇ ಆದರೆ ಸರಿ. ರೆಫ್‌ಕೌಂಟ್ ಒಂದಾದರೂ ಹೆಚ್ಚು ಇದ್ದರೆ ನನಗೆ ಗೊತ್ತಿಲ್ಲದ ಯಾರೋ ಇದನ್ನು ಹಿಡಿದಿದ್ದಾರೆ ಅಂತ ಅರ್ಥ. ಬಹುಶಃ ಡಿಸ್ಕಿನಿಂದ ಡೇಟಾ ಬಂದು ಈಗ ಬೀಳ್ತಾ ಇರಬಹುದು. ಯಾರು ಅಂತ ಹುಡುಕಲಿಕ್ಕೆ ಹೋಗುವುದಿಲ್ಲ, ಪುಟವನ್ನು ಅಲ್ಲೇ ಬಿಟ್ಟು ಮುಂದೆ ಹೋಗ್ತದೆ. ನಾಲ್ಕು ಸಾಲಿನ ಕೋಡ್. ಎಲ್‌ಆರ್‌ಯು ಗೊತ್ತಿದ್ದರೆ ಇದು ಅರ್ಥ ಆಗುವುದಿಲ್ಲ, ಹಿಡಿದವರ ಲೆಕ್ಕ ಗೊತ್ತಿದ್ದರೆ ಮಾತ್ರ ಅರ್ಥ ಆಗ್ತದೆ.

ಈ ಲೆಕ್ಕ ತಪ್ಪಿದರೆ ಏನಾಗ್ತದೆ ಅನ್ನುವುದಕ್ಕೆ ಕೆವಿಎಂನಲ್ಲೇ ಒಂದು ಉದಾಹರಣೆ ಉಂಟು. 2021ರಲ್ಲಿ ದಾಖಲಾದದ್ದು, ನಂಬರ್ ಸಿವಿಇ-2021-22543. ಕೆಲವು ಡ್ರೈವರುಗಳು ತಮ್ಮ ಮೆಮೊರಿಯನ್ನು ತಾವೇ ನೋಡಿಕೊಳ್ತವೆ, ಆ ಪುಟಗಳಿಗೆ ಕರ್ನಲಿನ ದಾಖಲೆ ಇದ್ದರೂ ರೆಫ್‌ಕೌಂಟ್ ಬಳಸುವುದಿಲ್ಲ. ಅಲ್ಲಿ ಅಂಕಿ 0 ಇರಬಹುದು, ಆದರೆ ಪುಟ ಖಾಲಿ ಅಲ್ಲ. ಉಗ್ರಾಣದಲ್ಲಿ ಯಾರದ್ದೋ ಸ್ವಂತ ಹಂಡೆ ತಂದು ಇಟ್ಟ ಹಾಗೆ, ನೋಟ್‌ಬುಕ್ಕಿನಲ್ಲಿ ಅದರ ಲೆಕ್ಕವೇ ಇಲ್ಲ. ಕೆವಿಎಂ ಇಂಥ ಪುಟಕ್ಕೂ ತನ್ನ ಮಾಮೂಲಿ ರೂಢಿಯಂತೆ ಹಿಡಿತ ಹಾಕಿತು, 0 ಹೋಗಿ 1 ಆಯಿತು. ಕೆಲಸ ಮುಗಿದ ಮೇಲೆ ಬಿಟ್ಟಿತು, 1 ಹೋಗಿ 0 ಆಯಿತು. ಸೊನ್ನೆಗೆ ಇಳಿದ ತಕ್ಷಣ ಕರ್ನಲ್ ತನ್ನ ನಿಯಮದ ಪ್ರಕಾರ ಪುಟ ಖಾಲಿ ಅಂತ ಬೇರೆಯವರಿಗೆ ಕೊಡಲಿಕ್ಕೆ ತಯಾರಾಯಿತು. ಗೆಸ್ಟ್ ಇನ್ನೂ ಅದನ್ನು ನೋಡ್ತಾನೇ ಉಂಟು! ಯಾರೂ ನಿಯಮ ಮುರಿದಿಲ್ಲ. ಎಲ್ಲರೂ ಹಿಡಿದದ್ದನ್ನು ಸರಿಯಾಗಿ ಬಿಟ್ಟಿದ್ದಾರೆ. ಲೆಕ್ಕದಲ್ಲೇ ಇಲ್ಲದ ವಸ್ತುವಿಗೆ ಲೆಕ್ಕ ಬರೆದದ್ದು ತಪ್ಪು.

ಮೊದಲು ಮಾಡಿದ ಸರಿಪಡಿಕೆ ಸರಳ. ಲೆಕ್ಕ ಸೊನ್ನೆ ಇರುವ ಪುಟವಾದರೆ ಹಿಡಿಯಲೇಬೇಡ, ಗೆಸ್ಟಿಗೆ ಕೊಡಲೂ ಬೇಡ. ಇದರಿಂದ ಅಪಾಯ ಹೋಯಿತು, ಆದರೆ ಅಂಥ ಗ್ರಾಫಿಕ್ಸ್ ಮೆಮೊರಿಯನ್ನು ಗೆಸ್ಟಿಗೆ ತೋರಿಸಬೇಕಾದವರ ದಾರಿ ಬಂದ್ ಆಯಿತು. ಹಿಡಿಯದೆಯೇ, ಬರೀ ಫೋನ್ ನಂಬರಿನ ವ್ಯವಸ್ಥೆಯಲ್ಲಿ ಅಂಥ ಪುಟಗಳನ್ನು ಗೆಸ್ಟಿಗೆ ಕೊಡುವ ದೊಡ್ಡ ಬದಲಾವಣೆ ಕರ್ನಲಿಗೆ ಸೇರಿದ್ದು 6.13ರಲ್ಲಿ, ಅಂದರೆ 2025ರ ಜನವರಿಯಲ್ಲಿ. ಎಷ್ಟು ವರ್ಷ ನೋಡಿ. ನಾವು ಪಿಯುಸಿಗೆ ಬರುವ ಮೊದಲು ಶುರುವಾದದ್ದು.

ಇನ್ನೊಂದು, 2019ರದ್ದು, ಬೇಗ ಹೇಳಿ ಮುಗಿಸ್ತೇವೆ. ರೆಫ್‌ಕೌಂಟ್‌ನ ಅಂಕಿಯನ್ನೇ ತುಂಬಿ ಹರಿಸಿ ಪುನಃ ಸೊನ್ನೆಗೆ ತರಬಹುದು ಅಂತ ತೋರಿಸಿದರು. ಅದಕ್ಕೆ ಸುಮಾರು 140 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್ ಬೇಕಂತೆ. 4 ಜಿಬಿಯವರು ಈ ಒಂದು ವಿಷಯದಲ್ಲಿ ಸುರಕ್ಷಿತ.

ಈಗ ನಮ್ಮ ಬೇಡಿಕೆಗೆ ಬರ್ತೇವೆ. ಲ್ಯಾಬಿನ ಮೂಲೆಯಲ್ಲಿ ಯಾರೂ ಕೂರದ ಒಂದು ಡೆಸ್ಕ್‌ಟಾಪ್ ಉಂಟು, ರ‍್ಯಾಮ್ 16 ಜಿಬಿ. ಲ್ಯಾಬ್ ಅಸಿಸ್ಟೆಂಟ್ ಅಣ್ಣನಲ್ಲಿ ಕೇಳಿ ಒಂದು ಮಧ್ಯಾಹ್ನ ಅದರಲ್ಲಿ ಲಿನಕ್ಸ್ ಹಾಕಿ, ಒಂದೇ ಉಬುಂಟು ಇಮೇಜಿನಿಂದ ಆರು ವಿಎಂ ಎಬ್ಬಿಸಿದೆವು. ಕೆಎಸ್‌ಎಂ ಆನ್ ಮಾಡಿದೆವು. ಕರ್ನಲ್ ಎರಡು ಅಂಕಿ ತೋರಿಸ್ತದೆ, ಒಂದು ಹಂಚಿಕೊಂಡಿರುವ ಪುಟಗಳು ಎಷ್ಟು, ಇನ್ನೊಂದು ಅವನ್ನು ಹೆಚ್ಚುವರಿಯಾಗಿ ಹಿಡಿದವರು ಎಷ್ಟು ಅಂತ. ಎರಡನೆಯದು ಏರ್ತಾ ಏರ್ತಾ ಹೋಯಿತು. ಬೆಳ್ತಂಗಡಿಯ ಗೆಳತಿ ತನ್ನ 4 ಜಿಬಿ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮಾಡಿ ಒಳಗೆ ಹೋದಳು, ಫೋರ್ಕ್ ಪ್ರೋಗ್ರಾಂ ಓಡಿಸಿದಳು, ಎರಡು ಸಾಲು ಔಟ್‌ಪುಟ್ ಬಂತು. ಸೆಮಿಸ್ಟರ್ ಮುಗಿದಿತ್ತು. ಆದರೂ ಅವಳು ಅದರ ಫೋಟೋ ತೆಗೆದಳು.

ಇದನ್ನು ಎಲ್ಲರಿಗೂ ಮಾಡಿ ಅಂತ ಕೇಳಿದಾಗ ಬಂದ ಆಕ್ಷೇಪಗಳಲ್ಲಿ ಕೆಲವು ಸರಿಯಾಗಿಯೇ ಇವೆ. ಹಂಚಿಕೊಂಡ ಪುಟಕ್ಕೆ ಬರೆಯುವಾಗ ಪ್ರತಿ ಮಾಡಬೇಕು, ಅದಕ್ಕೆ ಸ್ವಲ್ಪ ಹೆಚ್ಚು ಸಮಯ ಹಿಡೀತದೆ. ಆ ಸಮಯ ಅಳೆದು, ಪಕ್ಕದ ವಿಎಂನಲ್ಲಿ ಯಾವ ಪುಟ ಇದೆ ಅಂತ ಊಹೆ ಮಾಡಬಹುದು. ಇದೇ ತರದ ಕಾರಣಕ್ಕೆ ವಿಎಂವೇರ್ 2014ರಲ್ಲಿ ವಿಎಂಗಳ ನಡುವಿನ ಹಂಚಿಕೆಯನ್ನು ಡಿಫಾಲ್ಟ್ ಆಗಿ ನಿಲ್ಲಿಸುವುದಾಗಿ ಹೇಳಿತು. ಬ್ಯಾಂಕಿನ ಸರ್ವರಿಗೆ ಇದು ದೊಡ್ಡ ಮಾತು. ನಮ್ಮ ಲ್ಯಾಬಿನ ವಿಎಂಗಳಲ್ಲಿ ಇರುವುದು ಡೈನಿಂಗ್ ಫಿಲಾಸಫರ್ಸ್ ಪ್ರೋಗ್ರಾಂ. ಕದಿಯುವವರು ಕದಿಯಲಿ, ಹೇಗೂ ಕ್ಲಾಸ್ ಗ್ರೂಪಿನಲ್ಲಿ ಪಿಡಿಎಫ್ ಉಂಟು.

ಎರಡನೇ ಆಕ್ಷೇಪ ಹೆಚ್ಚು ಗಟ್ಟಿ. ಹಂಚಿಕೆಯಿಂದ ಉಳಿದದ್ದು ನಿಜವಾಗಿ ಉಳಿದದ್ದಲ್ಲ. ಎಲ್ಲರೂ ಒಟ್ಟಿಗೆ ಬರೆಯಲಿಕ್ಕೆ ಶುರು ಮಾಡಿದರೆ ಎಲ್ಲರಿಗೂ ಬೇರೆ ಬೇರೆ ಪ್ರತಿ ಬೇಕು, ಆಗ 16 ಜಿಬಿ ಸಾಲದೆ ಕರ್ನಲ್ ಯಾರದ್ದಾದರೂ ವಿಎಂ ಕೊಂದುಹಾಕ್ತದೆ. ಒಂದೇ ಮುಹೂರ್ತದಲ್ಲಿ ಊರಿನಲ್ಲಿ ಐದು ಮದುವೆ ಇದ್ದ ಹಾಗೆ. ಪ್ರ್ಯಾಕ್ಟಿಕಲ್ ಎಕ್ಸಾಂ ದಿನ ಹಾಗಾದರೆ? ನಮ್ಮ ಉತ್ತರ, ಕೆಎಸ್‌ಎಂನಿಂದ ಬಂದ ಉಳಿತಾಯವನ್ನು ನಂಬಿ ಹೆಚ್ಚು ಜನರನ್ನು ತುಂಬಬೇಡಿ. ಪರೀಕ್ಷೆಯ ದಿನ ಹಂಚಿಕೆ ಇಲ್ಲದೆಯೂ ಹಿಡಿಸುವಷ್ಟು ಜನರಿಗೆ ಮಾತ್ರ ಕೊಡಿ, ಬರೀ ಟರ್ಮಿನಲ್ ಇರುವ ಸಣ್ಣ ವಿಎಂ ಕೊಡಿ. ಸಿ ಪ್ರೋಗ್ರಾಂ ಬರೆಯಲಿಕ್ಕೆ ಡೆಸ್ಕ್‌ಟಾಪ್ ಐಕಾನ್ ಯಾಕೆ ಬೇಕು? ಎಐ ಲ್ಯಾಬಿನವರು ಜಿಪಿಯು ನೇರವಾಗಿ ವಿಎಂಗೆ ಕೊಡುವ ಮಾತಾಡ್ತಾರೆ. ಹಾಗೆ ಕೊಟ್ಟರೆ ಆ ಗೆಸ್ಟಿನ ಇಡೀ ಮೆಮೊರಿಯನ್ನು ಹಿಡಿದು ಕಟ್ಟಿಹಾಕ್ತದೆ, ಅಲ್ಲಿ ಕೆಎಸ್‌ಎಂ ಏನೂ ಮಾಡಲಿಕ್ಕೆ ಆಗುವುದಿಲ್ಲ. ಅವರದ್ದು ಬೇರೆ ಮೆಷಿನ್ ಆಗಬೇಕು.

ಮನೆಯಿಂದ ನೆಟ್‌ವರ್ಕ್ ಸಿಗುವುದಿಲ್ಲ ಅನ್ನುವುದು ಮೂರನೇ ಮಾತು. ಚಾರ್ಮಾಡಿ ಬುಡದಲ್ಲಿ ಮಳೆಗಾಲದಲ್ಲಿ ಒಂದು ಕಡ್ಡಿ ಸಿಗ್ನಲ್ ಬಂದರೆ ಅದೇ ಹಬ್ಬ, ಗೊತ್ತುಂಟು. ಆದರೆ ಎಸ್‌ಎಸ್‌ಎಚ್‌ಗೆ ಬೇಕಾಗುವುದು ಬರೀ ಅಕ್ಷರಗಳು ಹೋಗಿ ಬರುವಷ್ಟು ದಾರಿ. ವಿಡಿಯೋ ಕ್ಲಾಸಿಗಿಂತ ಎಷ್ಟೋ ಸಲೀಸು. ಅದೂ ಆಗದಿದ್ದರೆ ಲ್ಯಾಬಿನ ಒಳಗಾದರೂ ಸಿಗಲಿ.

ಸಿಲೆಬಸ್ ಬದಲಿಸಿ ಅಂತ ನಾವು ಕೇಳ್ತಾ ಇಲ್ಲ, ಅದು ಬೆಳಗಾವಿಯಲ್ಲಿ ಆಗುವ ಕೆಲಸ. ನಮ್ಮ ಕಾಲೇಜಿನಲ್ಲೇ ಒಂದು ಹೆಚ್ಚುವರಿ ಲ್ಯಾಬ್ ಕ್ಲಾಸ್ ಸಾಕು. ಲಿನಕ್ಸಿನಲ್ಲಿ ಪ್ರೊಕ್ ಅನ್ನುವ ಫೋಲ್ಡರಿನೊಳಗೆ ಕೆಪೇಜ್‌ಕೌಂಟ್ ಅಂತ ಒಂದು ಫೈಲ್ ಉಂಟು. ಪ್ರತಿ ಪುಟವೂ ಎಷ್ಟು ಕಡೆ ಮ್ಯಾಪ್ ಆಗಿದೆ ಅಂತ ಅದರಲ್ಲಿ ಸಾಲಾಗಿ ಅಂಕಿಗಳು. ಅದನ್ನು ಓದುವ ಒಂದು ಸಣ್ಣ ಪ್ರೋಗ್ರಾಂ ಬರೆಸಿ. ಫೋರ್ಕ್ ಮಾಡಿದಾಗ 1 ಇದ್ದದ್ದು 2 ಆಗುವುದನ್ನು, ಮಗು ಪ್ರೋಸೆಸ್ ಬರೆದ ಕೂಡಲೇ ಪುನಃ 1 ಆಗುವುದನ್ನು ಕಣ್ಣಾರೆ ನೋಡಿದರೆ 15, 12, 9 ಬಾಯಿಪಾಠ ಮಾಡಿದ್ದಕ್ಕಿಂತ ಹೆಚ್ಚು ಕಾಲ ನೆನಪಿರ್ತದೆ. ರೂಟ್ ಪರ್ಮಿಷನ್ ಬೇಕಾಗ್ತದೆ, ಅದಕ್ಕೇ ವಿಎಂ ಬೇಕು ಅನ್ನುವುದು.

ಎಚ್‌ಒಡಿ ಸರ್‌ಗೆ ಪತ್ರ ಬರೆದಿದ್ದೇವೆ, 4 ಜಿಬಿಯವರ ಸಹಿ ಮಾತ್ರ ಅಲ್ಲ, 16 ಜಿಬಿಯವರ ಸಹಿಯೂ ಉಂಟು. ಉತ್ತರ ಬಂದಿಲ್ಲ. ಅಷ್ಟರ ತನಕ ಗುರುವಾರ ಮೂರು ಗಂಟೆಯಿಂದ ಕೊನೆಯ ಬಸ್ಸಿನ ತನಕ ಮೂಲೆಯ ಡೆಸ್ಕ್‌ಟಾಪಿನ ಹತ್ತಿರ ನಾವು ಇರ್ತೇವೆ. ಜೂನಿಯರ್ಸ್ ಯಾರಿಗಾದರೂ ಮುಂದಿನ ಸೆಮಿಸ್ಟರಿಗೆ ವಿಎಂ ಬೇಕಾದರೆ ಬನ್ನಿ, ಹೆಸರು ಬರೆದುಕೊಳ್ಳಲಿಕ್ಕೆ ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದೇವೆ. ಮುಗಿದ ಮೇಲೆ ಬಂದು ಗೀಟು ಹಾಕಿಸಿಕೊಂಡು ಹೋಗಿ.